ಹಳೆಯ ಡ್ರಾಯಿಂಗ್ ಪುಸ್ತಕ ಗುಜರಿಗೆ ಹಾಕಬೇಡಿ

ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಮಕ್ಕಳ ಹಳೆಯ ಪಾಠಪುಸ್ತಕ, ನೋಟ್ಸು, ರಫ್ ಬುಕ್ಕು ಎಲ್ಲವನ್ನೂ ಗೋಣಿಗೆ ತುಂಬಿಸಿ ಗುಜರಿಯವರಿಗೆ ತೂಗಿ ಕೊಡುತ್ತೇವೆ. ಗುಜರಿ ವ್ಯಾಪಾರ ನಮಗೆ ಹೊಸತಲ್ಲ, ನಮ್ಮವರೇ ಎಷ್ಟೋ ಮಂದಿ ಅದರಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಆ ಗೋಣಿಯೊಳಗೆ ಹೋಗುವ ಒಂದೇ ಒಂದು ಪುಸ್ತಕದ ಬಗ್ಗೆ. ಅದು ಡ್ರಾಯಿಂಗ್ ಪುಸ್ತಕ.

ಗಣಿತದ ನೋಟ್ಸು ಹೋದರೆ ನಷ್ಟವಿಲ್ಲ. ಅದರಲ್ಲಿದ್ದ ಲೆಕ್ಕ ಮುಂದಿನ ವರ್ಷದ ಪುಸ್ತಕದಲ್ಲೂ ಉಂಟು. ಆದರೆ ಒಂದು ಮಗು ಐದನೇ ಕ್ಲಾಸಿನಲ್ಲಿ ಬಿಡಿಸಿದ ತೆಂಗಿನ ಮರ ಬೇರೆಲ್ಲೂ ಸಿಗುವುದಿಲ್ಲ. ಎಂಟನೇ ಕ್ಲಾಸಿಗೆ ಬಂದ ಮೇಲೆ ಅದೇ ಮಗು ಬಿಡಿಸಿದ ತೆಂಗಿನ ಮರದ ಪಕ್ಕ ಅದನ್ನು ಇಟ್ಟು ನೋಡಿದರೆ ಮಾತ್ರ ಗೊತ್ತಾಗುವುದು, ಕೈ ಎಷ್ಟು ದೂರ ಬಂದಿದೆ ಅಂತ. ಚಿತ್ರ ಬಿಡಿಸುವವರ ಬೆಳವಣಿಗೆಗೆ ಮಾರ್ಕ್ಸ್ ಕಾರ್ಡ್ ಇಲ್ಲ. ಹಳೆಯ ಪುಟವೇ ಮಾರ್ಕ್ಸ್ ಕಾರ್ಡ್. ಅದನ್ನೇ ಕಿಲೋ ಲೆಕ್ಕದಲ್ಲಿ ಕೊಟ್ಟು ಬಿಟ್ಟು, ಆಮೇಲೆ "ಇವನಿಗೆ ಚಿತ್ರ ಬರುವುದಿಲ್ಲ, ಬಿಟ್ಟು ಬಿಟ್ಟ" ಎಂದು ಹೇಳುವುದು ನ್ಯಾಯವಲ್ಲ.

ನಾವು ಇಲ್ಲಿ ಮಾತಾಡುತ್ತಿರುವುದು ದೊಡ್ಡ ಕಲಾವಿದರ ಬಗ್ಗೆ ಅಲ್ಲ. ಶಾಲೆ ಬಿಟ್ಟು ಬಂದ ಮೇಲೆ ಪೆನ್ಸಿಲ್ ಹಿಡಿಯುವ ಹುಡುಗ, ಮದ್ರಸದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹೂವು ಬಿಡಿಸುವ ಹುಡುಗಿ, ಮಕ್ಕಳು ಮಲಗಿದ ಮೇಲೆ ಅವರದೇ ಬಣ್ಣದ ಪೆಟ್ಟಿಗೆ ತೆರೆಯುವ ಉಮ್ಮ, ದುಬೈಯ ರೂಮಿನಲ್ಲಿ ಶುಕ್ರವಾರ ಸಂಜೆ ಊರಿನ ಮನೆಯನ್ನು ನೆನಪಿನಿಂದ ಕಾಗದಕ್ಕಿಳಿಸುವ ಯುವಕ. ಇಂಥವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಹವ್ಯಾಸಕ್ಕೆ ಬಿಡಿಸುತ್ತಾರೆ, ಸ್ವಲ್ಪ ದಿನಕ್ಕೆ ನಿಲ್ಲಿಸುತ್ತಾರೆ. ಯಾಕೆ ನಿಲ್ಲಿಸುತ್ತಾರೆ ಎಂದು ನಾವು ಕೇಳುವುದಿಲ್ಲ. ಇವತ್ತು ಅದನ್ನೇ ಕೇಳೋಣ.

"ಹುಟ್ಟಿನಿಂದ ಬರಬೇಕು" ಎಂಬ ಮಾತು

ಚಿತ್ರದ ವಿಷಯ ಬಂದಾಗ ನಾವು ಹೇಳುವ ಮಾತು ಒಂದೇ. "ಅದೆಲ್ಲ ಹುಟ್ಟಿನಿಂದ ಬರಬೇಕು ಮಾರಾಯ್ರೆ." ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಮಾತು ಕೇಳಿದ ಮಗು ಎರಡು ವಾರ ಪ್ರಯತ್ನ ಮಾಡಿ, ಸರಿಯಾಗದಿದ್ದಾಗ, ತನಗೆ ಹುಟ್ಟಿನಿಂದ ಬಂದಿಲ್ಲ ಅಂತ ತೀರ್ಮಾನಕ್ಕೆ ಬರುತ್ತದೆ.

ನಮ್ಮ ಉಮ್ಮಂದಿರು ಬೀಡಿ ಕಟ್ಟಲು ಕಲಿತದ್ದು ಹೇಗೆ? ಹುಟ್ಟಿನಿಂದ ಬಂತೆ? ಎಲೆಯನ್ನು ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪು ಹದಕ್ಕೆ ಹಾಕುವುದು, ಬೆರಳ ತುದಿಯಲ್ಲಿ ಸುರುಳಿ ಸುತ್ತುವುದು, ನೂಲು ಕಟ್ಟುವುದು. ಮೊದಲ ದಿನ ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ರಿಜೆಕ್ಟ್ ಆಗುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಮಾತಾಡುತ್ತಾ, ಮಗುವಿಗೆ ಬೈಯುತ್ತಾ, ಕೈ ನೋಡದೆಯೇ ಕಟ್ಟುತ್ತಿದ್ದರು. ಪತ್ತಿರ್ ತಟ್ಟುವುದೂ ಹಾಗೆಯೇ. ಹೊಸದಾಗಿ ಕಲಿಯುವವರ ಪತ್ತಿರ್ ಯಾವ ದೇಶದ ಭೂಪಟ ಅಂತ ಗೊತ್ತಾಗುವುದಿಲ್ಲ. ನೂರು ತಟ್ಟಿದ ಮೇಲೆ ಚಂದ್ರನ ಹಾಗೆ ಉರುಟಾಗಿ ಬರುತ್ತದೆ. ಅಲ್ಲಿ ಯಾರೂ "ನಿನಗೆ ಪ್ರತಿಭೆ ಇಲ್ಲ, ಬಿಟ್ಟು ಬಿಡು" ಎನ್ನುವುದಿಲ್ಲ. "ಇನ್ನೂ ಸ್ವಲ್ಪ ಮಾಡು, ಬರ್ತದೆ" ಎನ್ನುತ್ತಾರೆ. ಕೈಗೆ ಕೆಲಸ ಹತ್ತುವುದು ಹೇಗೆ ಅನ್ನುವುದು ನಮಗೆ ಗೊತ್ತು. ಚಿತ್ರದ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ದೊಡ್ಡವರ ಕಥೆಯೂ ಬೇರೆಯಲ್ಲ. ಇವತ್ತು ಜಗತ್ತು ಕೊಂಡಾಡುವ ವ್ಯಾನ್ ಗೋ ಕಲಾವಿದನಾಗುತ್ತೇನೆ ಎಂದು ತೀರ್ಮಾನಿಸಿದ್ದು 1880ರಲ್ಲಿ, ತನ್ನ 27ನೇ ವಯಸ್ಸಿನಲ್ಲಿ. ಆರಂಭದಲ್ಲಿ ಅವನು ಮಾಡಿದ್ದು ಚಿತ್ರ ಕಲಿಸುವ ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದರಂತೆ ನಕಲು ಮಾಡುವ ಕೆಲಸ. ರವೀಂದ್ರನಾಥ ಟಾಗೋರರು ಚಿತ್ರದ ಕಡೆ ಗಂಭೀರವಾಗಿ ತಿರುಗಿದ್ದು ಅರುವತ್ತು ದಾಟಿದ ಮೇಲೆ. ಬರೆದ ಸಾಲುಗಳನ್ನು ಹೊಡೆದು ಹಾಕುವಾಗ ಆ ಗೀಚುಗಳನ್ನೇ ಆಕಾರ ಮಾಡುತ್ತಾ ಹೋದವರು, 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಮಾಡುವಷ್ಟು ದೂರ ಬಂದರು. ಎಂ.ಎಫ್. ಹುಸೇನ್ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್‌ಗಳಿಗೆ ಬಣ್ಣ ಬಳಿಯುತ್ತಾ ಕೈ ಪಳಗಿಸಿಕೊಂಡವರು. ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ದೊಡ್ಡ ಹೆಸರು ಮಾಡಿದರು. ಅವರ ಒಂದೊಂದು ಗೆರೆಯನ್ನು ನೋಡಿದರೆ ಅದರ ಹಿಂದೆ ಎಷ್ಟು ಸಾವಿರ ಗೆರೆ ಇದ್ದಿರಬಹುದು ಅಂತ ಅನ್ನಿಸುತ್ತದೆ.

ಗಿಂಡಿ ಕಲಿಸುವ ಪಾಠ

ಚಿಕ್ಕ ಮಕ್ಕಳ ಚಿತ್ರ ನೋಡಿ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಮನೆ, ಬಾಗಿದ ತೆಂಗಿನ ಮರ. ಉಳ್ಳಾಲದ ಮಗುವೂ ಅದನ್ನೇ ಬಿಡಿಸುತ್ತದೆ, ಬಿಜಾಪುರದ ಮಗುವೂ ಅದನ್ನೇ. ಯಾಕೆಂದರೆ ಮಗು ಕಂಡದ್ದನ್ನು ಬಿಡಿಸುವುದಿಲ್ಲ, ತನಗೆ ಗೊತ್ತಿರುವುದನ್ನು ಬಿಡಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಹತ್ತು, ಹನ್ನೆರಡು ವರ್ಷದ ಹೊತ್ತಿಗೆ ಮಗುವಿಗೆ ಸ್ವತಃ ಅನ್ನಿಸಲು ಶುರುವಾಗುತ್ತದೆ: ನಾನು ಬಿಡಿಸಿದ ಮನೆ ನಮ್ಮ ಮನೆಯ ಹಾಗೆ ಕಾಣುವುದಿಲ್ಲ. ಹೆಚ್ಚಿನವರು ಪೆನ್ಸಿಲ್ ಕೆಳಗಿಡುವುದು ಈ ವಯಸ್ಸಿನಲ್ಲಿ. ಆಸೆ ಹೋಗಿ ಅಲ್ಲ. ಕಣ್ಣು ಬೆಳೆಯಿತು, ಕೈ ಹಿಂದೆ ಉಳಿಯಿತು, ದಾರಿ ತೋರಿಸುವವರು ಸಿಗಲಿಲ್ಲ, ಅಷ್ಟೆ.

ಆ ದಾರಿ ಬಹಳ ಕಷ್ಟದ್ದಲ್ಲ. ಒಂದು ಉದಾಹರಣೆ ನೋಡೋಣ. ನಮ್ಮ ಹಳೆಯ ಮನೆಗಳಲ್ಲಿ ವುಝೂ ಮಾಡಲು ಇಡುತ್ತಿದ್ದ ಗಿಂಡಿ ಇನ್ನೂ ಎಲ್ಲೋ ಅಟ್ಟದಲ್ಲಿ ಇರಬಹುದು. ಇಲ್ಲದಿದ್ದರೆ ಒಂದು ಸ್ಟೀಲ್ ಲೋಟ ಸಾಕು. ಮೇಜಿನ ಮೇಲಿಟ್ಟು ಮಗುವಿಗೆ ಬಿಡಿಸಲು ಹೇಳಿ. ಬಾಯಿಯನ್ನು ಪೂರ್ತಿ ಉರುಟಾಗಿ ಬಿಡಿಸುತ್ತದೆ, ತಳವನ್ನು ಸ್ಕೇಲು ಇಟ್ಟ ಹಾಗೆ ನೇರ ಗೆರೆ ಎಳೆಯುತ್ತದೆ. ಯಾಕೆ? ಬಾಯಿ ಉರುಟು ಅಂತ ಅದಕ್ಕೆ ಗೊತ್ತು, ತಳ ಮೇಜಿನ ಮೇಲೆ ಸಮತಟ್ಟಾಗಿ ಕೂತಿದೆ ಅಂತಲೂ ಗೊತ್ತು.

ಈಗ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತೋರಿಸಿ. ಬಾಯಿ ಒಂದು ಗೆರೆಯ ಹಾಗೆ ಕಾಣುತ್ತದೆ. ನಿಧಾನ ಕೆಳಗೆ ಇಳಿಸಿ. ಗೆರೆ ತೆರೆದು ಮೊಟ್ಟೆಯಾಕಾರ ಆಗುತ್ತದೆ, ಇನ್ನೂ ಕೆಳಗಿಳಿಸಿದರೆ ಹೆಚ್ಚು ಉರುಟಾಗುತ್ತದೆ. ಹಾಗಾದರೆ ಬಾಯಿಗಿಂತ ಕೆಳಗಿರುವ ತಳ? ಅದರ ಅಂಚು ಬಾಯಿಗಿಂತಲೂ ಹೆಚ್ಚು ಬಾಗಿರಬೇಕು. ಗಾಜಿನ ಲೋಟದಲ್ಲಿ ನೋಡಿದರೆ ಇದು ಸ್ಪಷ್ಟ ಕಾಣುತ್ತದೆ. ಇಷ್ಟು ಗೊತ್ತಾದ ದಿನ ಮಗು ಬಿಡಿಸುವ ಲೋಟ ಮೇಜಿನ ಮೇಲೆ ಸರಿಯಾಗಿ ಕೂರುತ್ತದೆ. ಅದು ಕೈಯ ಚಳಕ ಅಲ್ಲ. ಮಗು ನೋಡಲು ಕಲಿಯಿತು.

ಇನ್ನೂ ಕೆಲವು ಉಪಾಯಗಳಿವೆ. ಕುರ್ಚಿ ಬಿಡಿಸುವಾಗ ಕಾಲುಗಳನ್ನು ಬಿಡಿಸುವ ಬದಲು ಕಾಲುಗಳ ನಡುವೆ ಕಾಣುವ ಖಾಲಿ ಜಾಗದ ಆಕಾರವನ್ನು ಬಿಡಿಸಬೇಕು. ಕುರ್ಚಿ ಹೇಗಿರುತ್ತದೆ ಎಂಬ ತಲೆಯೊಳಗಿನ ಲೆಕ್ಕ ಆಗ ಅಡ್ಡ ಬರುವುದಿಲ್ಲ. ಅಳತೆ ಸಿಗಬೇಕಿದ್ದರೆ ಕೈಯನ್ನು ಪೂರ್ತಿ ಚಾಚಿ, ಮೊಣಕೈ ಮಡಚದೆ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗುರುತು ಮಾಡಬೇಕು. ಮನೆಯ ಎತ್ತರಕ್ಕೆ ತೆಂಗಿನ ಮರ ಎಷ್ಟು ಪಾಲು ಎಂದು ತಿಳಿಯುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ, ಬೆಳಕು ಎಲ್ಲಿ, ನೆರಳು ಎಲ್ಲಿ ಎಂಬುದು ಉಳಿಯುತ್ತದೆ.

ಪೆನ್ಸಿಲ್‌ನಿಂದ ಬಣ್ಣದ ಕಡೆಗೆ

ಹವ್ಯಾಸಿಗಳ ಪೆನ್ಸಿಲ್ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ ಹೆದರಿಕೆ. ಎಲ್ಲವೂ ತಿಳಿ ಬೂದು. ಕಪ್ಪಾಗಬೇಕಾದಲ್ಲಿ ಕಪ್ಪು ಮಾಡಲು ಧೈರ್ಯ ಸಾಲುವುದಿಲ್ಲ, ಹಾಳಾದರೆ ಅಂತ. ಎಚ್‌ಬಿ ಪೆನ್ಸಿಲ್ ಒಂದರಲ್ಲೇ ಎಲ್ಲ ಮಾಡಲು ಹೋದರೆ ಹಾಗೆಯೇ ಆಗುವುದು. 2ಬಿ, 4ಬಿ, 6ಬಿ ಎಂದು ಮುಂದೆ ಹೋದ ಹಾಗೆ ಸೀಸ ಮೆದುವಾಗುತ್ತದೆ, ಗೆರೆ ಕಪ್ಪಾಗುತ್ತದೆ. ಈ ಮೂರ್ನಾಲ್ಕು ಪೆನ್ಸಿಲಿಗೆ ಬೀಳುವ ಖರ್ಚು ಒಂದು ಬಿರಿಯಾನಿಯ ಖರ್ಚಿಗಿಂತ ಹೆಚ್ಚಲ್ಲ. ಬಿಳಿ ಕಾಗದದಿಂದ ಗಾಢ ಕಪ್ಪಿನವರೆಗೆ ಐದು ಮೆಟ್ಟಿಲು ಮಾಡಿ ಒಂದು ಪಟ್ಟಿ ಬಿಡಿಸುವುದು ಒಳ್ಳೆಯ ಅಭ್ಯಾಸ.

ನೀರಿನ ಬಣ್ಣಕ್ಕೆ ಬಂದಾಗ ಹೊಸಬರು ಸೋಲುವುದು ಅವಸರದಿಂದ. ನೀರಿನ ಬಣ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು. ಬಿಳಿ ಎಂಬುದು ಕಾಗದದ್ದು, ಅದನ್ನು ಮೊದಲೇ ಬಿಟ್ಟುಕೊಳ್ಳಬೇಕು. ಒಂದು ಪದರ ಒಣಗುವ ಮೊದಲು ಇನ್ನೊಂದು ಹಾಕಿದರೆ ಎರಡೂ ಕೂಡಿ ಕೆಸರಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯಲ್ಲೇ ನೀರಿರುವಾಗ ಒಣಗಲು ಇನ್ನೂ ಹೊತ್ತು ಬೇಕು. ಜೂನ್, ಜುಲೈಯಲ್ಲಿ ಬಣ್ಣ ಹಿಡಿದವರು ಅದನ್ನು ತಿಳಿದಿರಬೇಕು. ಕಾಗದದ ವಿಷಯವೂ ಹಾಗೆಯೇ. ಶಾಲೆಯ ತೆಳು ಡ್ರಾಯಿಂಗ್ ಪುಸ್ತಕದ ಹಾಳೆ ನೀರು ಬಿದ್ದೊಡನೆ ಹಪ್ಪಳದ ಹಾಗೆ ಏಳುತ್ತದೆ. ಮಗು ತನ್ನ ಕೈಯನ್ನು ದೂರುತ್ತದೆ. ಕೈಯಲ್ಲಿ ತಪ್ಪಿಲ್ಲ. ಅದೇ ಮಗುವಿಗೆ 300 ಜಿಎಸ್‌ಎಂ ದಪ್ಪದ ಎರಡು ಹಾಳೆ ಕೊಟ್ಟು ನೋಡಿ.

ಹಸಿರಿನ ಮಾತೂ ಹೇಳಬೇಕು. ನಮ್ಮೂರಲ್ಲಿ ಹಸಿರಿಗೆ ಬರಗಾಲವಿಲ್ಲ. ಆದರೆ ಟ್ಯೂಬಿನಿಂದ ನೇರ ತೆಗೆದ ಹಸಿರು ನಮ್ಮ ಊರಿನ ಯಾವ ಎಲೆಯಲ್ಲೂ ಇಲ್ಲ. ಹಳದಿ ಮತ್ತು ನೀಲಿ ಬೆರೆಸಿ, ಅದಕ್ಕೆ ಒಂದು ಹನಿ ಕೆಂಪು ಸೇರಿಸಿದರೆ ಹಸಿರು ಸ್ವಲ್ಪ ಮಂಕಾಗಿ ನಿಜವಾದ ಎಲೆಯ ಹತ್ತಿರ ಬರುತ್ತದೆ. ತೆಂಗಿನ ಗರಿಯ ಹಸಿರು ಬೇರೆ, ಬಾಳೆ ಎಲೆಯದ್ದು ಬೇರೆ, ಕೆಂಪು ಕಲ್ಲಿನ ಪಾಗಾರದ ಮೇಲೆ ಮಳೆಗಾಲದಲ್ಲಿ ಹಿಡಿಯುವ ಪಾಚಿಯದ್ದೇ ಬೇರೆ. ಇದನ್ನು ಒಮ್ಮೆ ಗಮನಿಸಿದವರು ಮತ್ತೆ ಊರನ್ನು ಮೊದಲಿನ ಹಾಗೆ ನೋಡುವುದಿಲ್ಲ. ಹವ್ಯಾಸಿಗೆ ಚಿತ್ರ ಕೊಡುವ ದೊಡ್ಡ ಸಂಬಳ ಅದೇ.

ಹಿಂದೆ ಬಿದ್ದ ಹಾಗೆ ಕಾಣುವ ದಿನಗಳು

ಬೆಳವಣಿಗೆ ಎಂದರೆ ಬಸ್ಸಿನ ಹಾಗೆ ಒಂದೇ ವೇಗದಲ್ಲಿ ಹೋಗುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಬೇಗ ಬೇಗ ಸುಧಾರಣೆ ಕಾಣುತ್ತದೆ. ಆಮೇಲೆ ಒಂದು ಕಾಲ ಬರುತ್ತದೆ. ಎಷ್ಟು ಬಿಡಿಸಿದರೂ ಅಷ್ಟೇ. ಕೆಲವೊಮ್ಮೆ ಮೊದಲಿಗಿಂತ ಕೆಟ್ಟಿತು ಅಂತಲೂ ಅನ್ನಿಸುತ್ತದೆ. ಹೆಚ್ಚಿನ ಸಲ ಆಗಿರುವುದು ಏನೆಂದರೆ, ಹಿಂದಿನ ತಿಂಗಳು ಕಾಣದಿದ್ದ ತಪ್ಪು ಈಗ ಕಣ್ಣಿಗೆ ಬೀಳುತ್ತಿದೆ. ಕಣ್ಣು ಒಂದು ಹೆಜ್ಜೆ ಮುಂದೆ ಹೋಯಿತು, ಕೈ ಬಂದು ಸೇರಲು ಸ್ವಲ್ಪ ದಿನ ಬೇಕು. ಈ ಹೊತ್ತಿನಲ್ಲಿ ಎರಡು ವರ್ಷ ಹಿಂದಿನ ಪುಸ್ತಕ ಮನೆಯಲ್ಲಿದ್ದರೆ ಅದನ್ನು ತೆಗೆದು ತೋರಿಸಬಹುದು. "ನೋಡು, ಆಗ ಹೀಗೆ ಬಿಡಿಸುತ್ತಿದ್ದೆ." ಸಾವಿರ ಮಾತಿನ ಸಮಾಧಾನ ಅದರಲ್ಲಿ ಸಿಗುತ್ತದೆ. ಪುಸ್ತಕ ಗುಜರಿಗೆ ಹೋಗಿದ್ದರೆ ಎಂತ ತೋರಿಸುವುದು?

ಅದಕ್ಕೇ ನಮ್ಮ ಮೊದಲ ವಿನಂತಿ: ಪ್ರತಿ ಚಿತ್ರದ ಮೂಲೆಯಲ್ಲಿ ತಾರೀಕು ಹಾಕಿಸಿ. ಕೆಟ್ಟ ಚಿತ್ರವನ್ನೂ ಹರಿಯಲು ಬಿಡಬೇಡಿ. ವರ್ಷಕ್ಕೊಮ್ಮೆ ಅದೇ ಲೋಟ, ಅದೇ ಕಿಟಕಿ, ಅದೇ ಮರವನ್ನು ಮತ್ತೆ ಬಿಡಿಸಲು ಹೇಳಿ.

ಇಲ್ಲಿ ಮೊಬೈಲಿನ ಮಾತು ಬಾರದೆ ಇರುವುದಿಲ್ಲ. ಯೂಟ್ಯೂಬ್ ನೋಡಿ ಕಲಿತ ಮಕ್ಕಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಫೋಟೋದ ಮೇಲೆ ಚೌಕಗಳನ್ನು ಎಳೆದು, ಕಾಗದದಲ್ಲೂ ಅಷ್ಟೇ ಚೌಕ ಎಳೆದು, ಒಂದೊಂದಾಗಿ ತುಂಬಿಸಿ ಅಚ್ಚು ಫೋಟೋದ ಹಾಗೆ ಮಾಡುತ್ತಾರೆ. ಅದನ್ನು ತಿರಸ್ಕರಿಸಬೇಕಿಲ್ಲ. ಅಳತೆಯ ಅಭ್ಯಾಸ ಆಗ್ತದೆ, ತಾಳ್ಮೆಯೂ ಬರ್ತದೆ. ಆದರೆ ಫೋಟೋದಲ್ಲಿ ಮುಖ್ಯ ಕೆಲಸ ಆಗಲೇ ಮುಗಿದಿರುತ್ತದೆ. ಉದ್ದ, ಅಗಲ, ಆಳ ಇರುವ ಜಗತ್ತನ್ನು ಕ್ಯಾಮರಾ ಚಪ್ಪಟೆ ಮಾಡಿ ಕೊಟ್ಟಿರುತ್ತದೆ. ಆ ಕೆಲಸವನ್ನು ಸ್ವಂತ ಕಣ್ಣಿನಿಂದ ಮಾಡಲು ಕಲಿಯದವರು ನಿಜವಾದ ದೋಣಿಯ ಮುಂದೆ ಕೂತಾಗ ಕೈಕಟ್ಟಿ ಬಿಡುತ್ತಾರೆ. ವಾರದಲ್ಲಿ ಐದು ಚಿತ್ರ ಮೊಬೈಲ್ ನೋಡಿ ಮಾಡಿದರೆ ಎರಡಾದರೂ ಎದುರಿಗಿರುವ ವಸ್ತು ನೋಡಿ ಮಾಡಬೇಕು. ಬಂದರಿನ ಹಳೆಯ ಹಂಚಿನ ಮಾಡು, ಸುಲ್ತಾನ್ ಬತ್ತೇರಿಯ ಕಪ್ಪು ಕಲ್ಲಿನ ಬುರುಜು, ನೇತ್ರಾವತಿ ಸಮುದ್ರ ಸೇರುವ ಕಡೆ ಬದಲಾಗುವ ನೀರಿನ ಬಣ್ಣ, ಬಂದರಿನ ಝೀನತ್ ಬಕ್ಷ್ ಮಸೀದಿಯೊಳಗಿನ ಮರದ ಕೆತ್ತನೆಯ ಕಂಬ. ಕೂತು ನೋಡಲು ನಮಗೆ ಜಾಗಕ್ಕೆ ಬರವಿಲ್ಲ.

ಇನ್ನು ಲೈಕುಗಳ ವಿಷಯ. ಸ್ಟೇಟಸ್‌ಗೆ ಹಾಕಿದ ಚಿತ್ರಕ್ಕೆ ಐವತ್ತು ಮಂದಿ "ಮಾಶಾ ಅಲ್ಲಾಹ್" ಎಂದರೆ ಖುಷಿಯೇ. ಆದರೆ ಆ ಐವತ್ತರಲ್ಲಿ ಒಬ್ಬರೂ "ಕಿಟಕಿ ಸ್ವಲ್ಪ ಓರೆಯಾಗಿದೆ" ಎಂದು ಹೇಳುವುದಿಲ್ಲ. ಮುಂದಿನ ಸಲ ಹತ್ತೇ ಲೈಕು ಬಂದರೆ ಚಿತ್ರ ಕೆಟ್ಟಿತು ಎಂದು ಮಗು ತಿಳಿಯುತ್ತದೆ. ಎರಡೂ ಲೆಕ್ಕ ತಪ್ಪು.

ಮೈಲಾಂಜಿಯ ಕೈ

ನಮ್ಮ ಹೆಣ್ಮಕ್ಕಳಿಗೆ ಚಿತ್ರ ಬರುವುದಿಲ್ಲ ಎಂದು ಹೇಳುವವರು ಮದುವೆಯ ಹಿಂದಿನ ರಾತ್ರಿಯ ಮನೆಗೆ ಹೋಗಿ ನೋಡಬೇಕು. ಮೈಲಾಂಜಿ ಹಾಕುವ ಹುಡುಗಿ ಕೋನನ್ನು ಒಂದೇ ಒತ್ತಡದಲ್ಲಿ ಹಿಡಿದು, ಎಲ್ಲೂ ದಪ್ಪ ಸಣ್ಣ ಆಗದ ಗೆರೆ ಎಳೆಯುತ್ತಾಳೆ. ಅಂಗೈಯ ನಡುವೆ ವೃತ್ತ, ಅದರಿಂದ ಬೆರಳ ತುದಿಯವರೆಗೆ ಬಳ್ಳಿ, ಎಡಗೈಯದ್ದು ಬಲಗೈಗೆ ಸರಿಯಾಗಿ ಹೊಂದಬೇಕು. ಅಳಿಸಲು ರಬ್ಬರ್ ಇಲ್ಲ. ಕಾಗದ ಸಮತಟ್ಟಾಗಿಲ್ಲ, ಅಲುಗಾಡುತ್ತದೆ, ಮಾತಾಡುತ್ತದೆ, ನಗುತ್ತದೆ. ಇದಕ್ಕಿಂತ ಕಠಿಣವಾದ ಗೆರೆಯ ಅಭ್ಯಾಸ ಇದೆಯೇ? ಈ ಕೈಗೆ ಪೆನ್ಸಿಲ್, ಬ್ರಶ್ ಕೊಟ್ಟರೆ ಅರ್ಧ ದಾರಿ ನಡೆದಾಗಿದೆ. ಉಳಿದರ್ಧ ನೆರಳು, ಬಣ್ಣ, ಅಳತೆ. ಅದನ್ನು ಕಲಿಯಬಹುದು. ನಮ್ಮಲ್ಲಿ ಆ ಕೈ ಮದುವೆ ಸೀಸನ್‌ನಲ್ಲಿ ಕೆಲಸಕ್ಕೆ ಬರುತ್ತದೆ, ಉಳಿದ ದಿನ ಸುಮ್ಮನಿರುತ್ತದೆ.

ಜೀವಿಗಳ ಚಿತ್ರ ಬಿಡಿಸಬಹುದೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹೇಳುವುದು ಈ ಬರಹದ ಕೆಲಸವಲ್ಲ. ಪ್ರತಿ ಮನೆಯವರೂ ತಾವು ನಂಬುವ ಉಲಮಾಗಳಲ್ಲಿ ಕೇಳಿ ತಿಳಿದುಕೊಳ್ಳಲಿ. ನಾವು ಹೇಳುವುದು ಇಷ್ಟೇ. ಆ ಪ್ರಶ್ನೆಯನ್ನು ಮುಂದಿಟ್ಟು ಪೆನ್ಸಿಲನ್ನೇ ಕಸಿದುಕೊಳ್ಳಬೇಕಾಗಿಲ್ಲ. ಅತ್ಯಂತ ಕಟ್ಟುನಿಟ್ಟಿನ ಮನೆಯಲ್ಲೂ ಮರ, ಹೂವು, ಸಮುದ್ರ, ಮೋಡ, ಕಟ್ಟಡ, ಅಕ್ಷರ, ವಿನ್ಯಾಸ ಉಳಿದೇ ಇರುತ್ತದೆ. ಒಂದು ಜೀವಮಾನಕ್ಕೆ ಅದು ಧಾರಾಳ.

ಅಕ್ಷರ ಒಂದನ್ನೇ ತೆಗೆದುಕೊಳ್ಳಿ. ಹತ್ತನೇ ಶತಮಾನದ ಬಗ್ದಾದಿನಲ್ಲಿ ವಝೀರನಾಗಿದ್ದ ಇಬ್ನ್ ಮುಖ್ಲಾ ಅರಬಿ ಲಿಪಿಗೆ ಅಳತೆಯ ನಿಯಮ ಕೊಟ್ಟವರು. ಕಲಮಿನ ತುದಿಯಿಂದ ಇಟ್ಟ ಒಂದು ಚುಕ್ಕೆಯೇ ಮಾನ. ಅಲಿಫ್‌ನ ಎತ್ತರವನ್ನು ಚುಕ್ಕೆಗಳಲ್ಲಿ ಎಣಿಸುವುದು, ಉಳಿದ ಅಕ್ಷರಗಳನ್ನು ಅಲಿಫ್‌ಗೆ ಹೊಂದಿಸುವುದು. ಕಲಿಯುವವರು ಉಸ್ತಾದರ ಒಂದು ಸಾಲನ್ನು ಮತ್ತೆ ಮತ್ತೆ ಬರೆದು ತೋರಿಸುತ್ತಾರೆ, ಉಸ್ತಾದರು ತಿದ್ದುತ್ತಾರೆ, ಮತ್ತೆ ಬರೆಯುತ್ತಾರೆ. ಇದಕ್ಕೆ ಮಶ್ಕ್ ಎನ್ನುತ್ತಾರೆ. ಸಾಕಷ್ಟು ಪಳಗಿದ ಮೇಲೆ ಇಜಾಝತ್ ಸಿಗುತ್ತದೆ. ಅಂದರೆ ಅಭ್ಯಾಸದಿಂದ ಕೈ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮ ಪರಂಪರೆಯಲ್ಲೇ ಉಂಟು, ಅದನ್ನು ಹೊರಗಿನಿಂದ ತರಬೇಕಾಗಿಲ್ಲ.

ನಮ್ಮ ರಾಜ್ಯದಲ್ಲೇ ಬಿಜಾಪುರಕ್ಕೆ ಹೋದವರು ಗೋಲಗುಂಬಜ್ ನೋಡಿ ಬರುತ್ತಾರೆ. ಇಬ್ರಾಹೀಂ ರೋಜಾದ ಕಿಟಕಿಗಳನ್ನೂ ನೋಡಬೇಕು. ಕಲ್ಲನ್ನು ಕೊರೆದು ಅರಬಿ ಅಕ್ಷರಗಳಿಂದಲೇ ಜಾಲಂಧ್ರ ಮಾಡಿದ್ದಾರೆ, ಬೆಳಕು ಅಕ್ಷರದ ಸಂದಿಯಿಂದ ಒಳಗೆ ಬರುತ್ತದೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಕಾಶ್ಮೀರದಲ್ಲಿ ಬಿಡಿಸಿದ ಹೂವುಗಳು ನೂರಕ್ಕೂ ಮಿಕ್ಕಿದ್ದವು ಎಂದು ಜಹಾಂಗೀರನೇ ಬರೆದಿಟ್ಟಿದ್ದಾನೆ. ಇದು ಬಹಳ ದೂರದ ಮಾತು ಎನಿಸಿದರೆ ಮನೆಯಲ್ಲೇ ಒಂದು ಕಂಪಾಸು ತೆಗೆದುಕೊಳ್ಳಿ. ವೃತ್ತ ಎಳೆದು, ಅದೇ ಅಳತೆಯನ್ನು ಬದಲಿಸದೆ ಅಂಚಿನ ಮೇಲೆ ಸುತ್ತ ಗುರುತು ಮಾಡುತ್ತಾ ಬಂದರೆ ಸರಿಯಾಗಿ ಆರು ಬಿಂದು ಸಿಗುತ್ತದೆ. ಒಂದು ಬಿಟ್ಟು ಒಂದನ್ನು ಸೇರಿಸಿದರೆ ಆರು ಮೂಲೆಯ ನಕ್ಷತ್ರ. ಅಲ್ಲಿಂದ ಎಷ್ಟು ವಿನ್ಯಾಸ ಬೇಕಾದರೂ ಹುಟ್ಟುತ್ತದೆ.

"ಇದರಿಂದ ಎಂತ ಸಿಗ್ತದೆ?"

ಉಪ್ಪಂದಿರ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ, ಕಷ್ಟಪಟ್ಟು ದುಡಿಯುವವರಿಗೆ ಕೇಳುವ ಹಕ್ಕುಂಟು. ದುಡ್ಡಿನ ಉತ್ತರವೂ ಇದೆ. ಆರ್ಕಿಟೆಕ್ಚರ್ ಪ್ರವೇಶದ ನಾಟಾ ಪರೀಕ್ಷೆಯಲ್ಲಿ, ಡಿಸೈನ್ ಕಾಲೇಜುಗಳ ಪ್ರವೇಶ ಪರೀಕ್ಷೆಗಳಲ್ಲಿ ಡ್ರಾಯಿಂಗ್ ಕೇಳುತ್ತಾರೆ. ಶಾಲಾ ಮಕ್ಕಳಿಗೆ ಸರಕಾರವೇ ಡ್ರಾಯಿಂಗ್ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಮಂಗಳೂರಿನಲ್ಲೇ ಮಹಾಲಸಾದಂಥ ಕಲಾಶಾಲೆ ಇದೆ. ಕಲಾವಿದ ಬಿ.ಜಿ. ಮುಹಮ್ಮದ್ ಅವರು ಬಿ.ಜಿ.ಎಂ. ಹೆಸರಿನ ಕಲಾಶಾಲೆ ಕಟ್ಟಿ ಈ ಊರಿನ ಎಷ್ಟೋ ಮಂದಿಗೆ ಬ್ರಶ್ ಹಿಡಿಯಲು ಕಲಿಸಿದರು.

ಆದರೆ ನಮಗೆ ಆ ಉತ್ತರದಲ್ಲೇ ನಿಲ್ಲಲು ಮನಸ್ಸಿಲ್ಲ. ನಮ್ಮ ಹುಡುಗರು ಫ್ಲಡ್‌ಲೈಟ್ ಹಾಕಿ ರಾತ್ರಿಯಿಡೀ ಕ್ರಿಕೆಟ್ ಆಡುತ್ತಾರೆ, ಕಬಡ್ಡಿ, ವಾಲಿಬಾಲ್ ಆಡುತ್ತಾರೆ. ಅವರಲ್ಲಿ ಭಾರತ ತಂಡಕ್ಕೆ ಹೋಗುವವರು ಎಷ್ಟು ಎಂದು ನಾವು ಕೇಳುವುದಿಲ್ಲ. ಆಟ ಆಡಿದರೆ ದೇಹಕ್ಕೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು ಎಂದು ಒಪ್ಪುತ್ತೇವೆ. ಚಿತ್ರಕ್ಕೆ ಮಾತ್ರ ಲಾಭ ನಷ್ಟದ ಲೆಕ್ಕ ಯಾಕೆ? ಅರ್ಧ ಗಂಟೆ ಒಂದು ವಸ್ತುವಿನ ಮುಂದೆ ಸುಮ್ಮನೆ ಕೂತು ನೋಡುವ ತಾಳ್ಮೆ ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಮೊಬೈಲ್ ಕಸಿದರೆ ಬೊಬ್ಬೆ ಹಾಕುವ ಮಗು ಕೈಯಲ್ಲಿ ಪೆನ್ಸಿಲ್ ಇದ್ದಾಗ ತಾನಾಗಿ ಮೊಬೈಲ್ ಬದಿಗಿಡುವುದನ್ನು ಎಷ್ಟೋ ಉಮ್ಮಂದಿರು ಕಂಡಿದ್ದಾರೆ.

ದೊಡ್ಡವರಿಗೂ ಇದು ಬೇಕು. ಮದುವೆಯಾಗಿ, ಮಕ್ಕಳಾಗಿ, ಹತ್ತು ಹದಿನೈದು ವರ್ಷ ಬಣ್ಣ ಮುಟ್ಟದ ಹೆಂಗಸರು ನಮ್ಮ ಮನೆಗಳಲ್ಲಿದ್ದಾರೆ. "ಈಗ ಶುರು ಮಾಡಿದರೆ ಜನ ನಗಾಡುತ್ತಾರೆ" ಎನ್ನುತ್ತಾರೆ. ಮನೆಯವರು ನಗದಿದ್ದರೆ ಸಾಕು, ಊರವರಿಗೆ ತೋರಿಸಬೇಕಾಗಿಲ್ಲ. ಮನೆಯ ಒಂದು ಮೂಲೆ, ಮಕ್ಕಳು ಮುಟ್ಟದ ಒಂದು ಪೆಟ್ಟಿಗೆ, ದಿನಕ್ಕೆ ಅರ್ಧ ಗಂಟೆ ಯಾರೂ ಕರೆಯದ ಹೊತ್ತು. ಇದಿಷ್ಟನ್ನು ಕೊಡುವುದು ಗಂಡಸರಿಗೆ ಭಾರವಾಗಬಾರದು. ಗಲ್ಫಿನ ರೂಮಿನಲ್ಲಿ ಮೇಲಿನ ಮಂಚ, ಕೆಳಗಿನ ಮಂಚದ ನಡುವೆ ಬದುಕುವ ನಮ್ಮ ಹುಡುಗರಿಗೆ ಅಂಗೈಯಗಲದ ಪುಸ್ತಕ, ಒಂದು ಪೆನ್ನು ಸಾಕು. ಊರಿಗೆ ಬಂದಾಗ ಆ ಪುಸ್ತಕ ತೆರೆದರೆ ಅವರ ಎರಡು ವರ್ಷ ಹೇಗೆ ಹೋಯಿತು ಎಂಬುದು ಮನೆಯವರಿಗೆ ಫೋನಿನ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ.

ಮನೆಯವರು ಎಂತ ಹೇಳಬೇಕು?

ಮಗು ಚಿತ್ರ ಹಿಡಿದುಕೊಂಡು ಬಂದಾಗ ನಾವು ಎರಡರಲ್ಲಿ ಒಂದು ಹೇಳುತ್ತೇವೆ. ನೋಡದೆಯೇ "ಚಂದ ಆಯ್ತು, ಹೋಗಿ ಓದು." ಇಲ್ಲವೇ ನಗುತ್ತಾ "ಇದೆಂತ, ಕಾಗೆಯಾ ಕೋಳಿಯಾ?" ಮೊದಲನೆಯದರಿಂದ ಮಗು ಏನೂ ಕಲಿಯುವುದಿಲ್ಲ, ಎರಡನೆಯದರಿಂದ ಮುಂದಿನ ಚಿತ್ರವನ್ನು ಅಡಗಿಸಿಡಲು ಕಲಿಯುತ್ತದೆ.

ಚಿತ್ರ ಗೊತ್ತಿಲ್ಲದ ಉಪ್ಪ, ಉಮ್ಮ ಕೂಡ ಮೂರು ಪ್ರಶ್ನೆ ಕೇಳಬಹುದು. ಇದರಲ್ಲಿ ನಿನಗೆ ಕಷ್ಟವಾದದ್ದು ಯಾವುದು? ನಿನಗೆ ಇಷ್ಟವಾದ ಜಾಗ ಯಾವುದು? ನಾಳೆ ಎಂತ ಬಿಡಿಸ್ತಿ? ಉತ್ತರ ಕೇಳುವಷ್ಟು ಹೊತ್ತು ಚಿತ್ರವನ್ನು ಕೈಯಲ್ಲಿ ಹಿಡಿದಿರಬೇಕು. ಎರಡು ನಿಮಿಷದ ಕೆಲಸ. ಯಾರೋ ನಿಜವಾಗಿ ನೋಡಿದರು ಎಂಬುದೇ ಹವ್ಯಾಸಿಗೆ ದೊಡ್ಡ ಬಲ. ಬಣ್ಣದ ಪೆಟ್ಟಿಗೆ ಎಷ್ಟು ದುಬಾರಿಯದ್ದಾದರೂ ಆ ಬಲ ಕೊಡುವುದಿಲ್ಲ.

ಜಮಾಅತ್‌ಗಳಿಗೆ, ನಮ್ಮ ಸಂಘ ಸಂಸ್ಥೆಗಳಿಗೆ, ನಮ್ಮವರು ನಡೆಸುವ ಶಾಲೆಗಳಿಗೆ ಒಂದು ಮಾತು. ಮೀಲಾದ್ ಇರಲಿ, ಶಾಲಾ ವಾರ್ಷಿಕೋತ್ಸವ ಇರಲಿ, ನಾವು ಚಿತ್ರಕಲಾ ಸ್ಪರ್ಧೆ ಇಟ್ಟು ಪ್ರಥಮ, ದ್ವಿತೀಯ, ತೃತೀಯ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಒಂದು ಗಂಟೆಯಲ್ಲಿ ಬಿಡಿಸಿದ್ದಕ್ಕೆ ಮೂರು ಮಂದಿಗೆ ಟ್ರೋಫಿ, ಮೂವತ್ತು ಮಂದಿಗೆ "ನನಗೆ ಬರುವುದಿಲ್ಲ" ಎಂಬ ಸರ್ಟಿಫಿಕೇಟು. ಇದರ ಜೊತೆಗೆ ಇನ್ನೊಂದು ಬಗೆಯ ಪ್ರದರ್ಶನ ಇಟ್ಟು ನೋಡೋಣ. ಬರುವವರು ಎರಡು ಚಿತ್ರ ತರಬೇಕು. ಒಂದು ಹಳೆಯದು, ಒಂದು ಈಗಿನದ್ದು, ಎರಡರಲ್ಲೂ ತಾರೀಕು ಇರಬೇಕು. ಮಗುವೂ ತರಬಹುದು, ಅಜ್ಜಿಯೂ ತರಬಹುದು. ಯಾರು ಮೇಲು ಎಂದು ಹೋಲಿಸುವುದು ಬೇಡ. ಯಾರು ಎಷ್ಟು ದೂರ ನಡೆದು ಬಂದರು ಎಂಬುದನ್ನು ಮಾತ್ರ ನೋಡೋಣ. ಬಹುಮಾನ ಕೊಡುವುದಿದ್ದರೆ ಟ್ರೋಫಿಯ ಬದಲು ಒಳ್ಳೆಯ ಕಾಗದದ ಒಂದು ಪುಸ್ತಕ ಕೊಡೋಣ.

ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸುತ್ತಿದೆ. ಜನವರಿಯ ಒಂದು ಆದಿತ್ಯವಾರ ಕುಮಾರಕೃಪಾ ರಸ್ತೆಯ ಇಕ್ಕೆಲಗಳಲ್ಲಿ ಚಿತ್ರಗಳು ತುಂಬುತ್ತವೆ. ಅಷ್ಟು ದೂರ ಹೋಗಲಾಗದವರಿಗೆ ಮಂಗಳೂರಿನಲ್ಲೇ ಸಂತ ಅಲೋಶಿಯಸ್ ಚಾಪೆಲ್ ಉಂಟು. ಇಟೆಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ವರೆಗೆ ಅದರ ಗೋಡೆ, ಮಾಡುಗಳಿಗೆ ಬಣ್ಣ ತುಂಬಿಸಿದರು. ಚಪ್ಪಟೆ ಗೋಡೆಯಲ್ಲಿ ಕಂಬ ಎದ್ದು ನಿಂತ ಹಾಗೆ ಹೇಗೆ ಕಾಣಿಸಿದರು ಎಂಬುದನ್ನು ಚಿತ್ರ ಕಲಿಯುವವರು ಒಮ್ಮೆ ಹೋಗಿ ನೋಡಬೇಕು. ಬೆಳಕು, ನೆರಳು ಎಂದರೆ ಎಂತ ಎಂಬುದಕ್ಕೆ ನಮ್ಮ ಊರಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಈ ರಜೆಯಲ್ಲಿ ಇಷ್ಟು ಮಾಡೋಣ. ಮನೆಯಲ್ಲಿ ಬಿಡಿಸುವವರು ಯಾರಿದ್ದಾರೆ ಎಂದು ನೋಡೋಣ, ಮಗುವಾಗಲಿ, ಮಗುವಿನ ಉಮ್ಮ ಆಗಲಿ. ಅವರ ಹೆಸರಿಗೆ ಒಂದು ಫೈಲು ತೆಗೆಯೋಣ. ಮೊದಲ ಹಾಳೆ ಇವತ್ತಿನ ಲೋಟದ ಚಿತ್ರ ಆಗಲಿ, ತಾರೀಕಿನ ಜೊತೆ. ಬರುವ ವರ್ಷ ಇದ್ದರೆ, ಇನ್‌ಶಾ ಅಲ್ಲಾಹ್, ಅದೇ ಲೋಟ ಮತ್ತೆ ಬಿಡಿಸಲಿ.